ಎಡಗಡೆಯ ಮೂರನೇ ಹಲ್ಲು

ಧೂಳಪ್ಪ ಎಂದು ಅವನಿಗೆ ಯಾರೂ ತೊಟ್ಟಿಲಲ್ಲಿ ಹೆಸರಿಟ್ಟದ್ದಲ್ಲ. ಹತ್ತೊಂಬತ್ತು ವರ್ಷ ಮ್ಯೂಸಿಯಮ್ಮಿನ ಡೈನೋಸಾರಿನ ಧೂಳು ಹೊಡೆದು ಹೊಡೆದು ಸಂಪಾದಿಸಿದ ಬಿರುದು ಅದು. ಅವನು ಒಂದು ಸಲ ಬಟ್ಟೆ ಕೊಡವಿದರೆ ಪಕ್ಕದ ಬೀದಿಯವರು ಕೊಡೆ ಬಿಚ್ಚುತ್ತಿದ್ದರು.

ಆ ಡೈನೋಸಾರೂ ಅಂಥಿಂಥದ್ದಲ್ಲ, ಅಪ್ಪಟ ಮಾಂಸಾಹಾರಿ. ಬದುಕಿದ್ದಾಗ ಅದು ಆಕಳಿಸಿದರೆ ಮೂರು ಕಾಡು ಖಾಲಿಯಾಗುತ್ತಿದ್ದವಂತೆ. ಒಂದೊಂದು ಹಲ್ಲೂ ಬಾಳೆಹಣ್ಣಿನಷ್ಟು ಉದ್ದ. ಅಂಚಿನಲ್ಲಿ ಗರಗಸದಂಥ ಸಣ್ಣ ಕಚ್ಚುಗಳು.

"ದಿನಾ ಅದರ ಬಾಯೊಳಗೆ ಕೈ ಹಾಕಿ ಬರ್ತೀನಿ ಕಣೇ," ಎಂದು ಧೂಳಪ್ಪ ಊಟಕ್ಕೆ ಕೂತಾಗಲೆಲ್ಲ ಹೆಂಡತಿಗೆ ಹೇಳುವನು. ಅವಳು ಹೆಮ್ಮೆಯಿಂದ ಇನ್ನೊಂದು ಸೌಟು ಬಡಿಸುವಳು. ಮನೆಯಲ್ಲಿ ಅವನ ಮಾನಮರ್ಯಾದೆಯೆಲ್ಲ ನಿಂತಿದ್ದದ್ದು ಆ ಒಂದು ಸೌಟಿನ ಮೇಲೆ. ಕೈ ಹಾಕುತ್ತಿದ್ದದ್ದು ನಿಜವೇ. ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಆ ಬಾಯನ್ನು ಅವನು ಕಣ್ಣು ಬಿಟ್ಟು ನೋಡಿದ್ದೇ ಇಲ್ಲ. ಹಾಗಾಗಿ ನಿನ್ನೆ ಏಣಿಯ ಮೇಲಿದ್ದಾಗ 'ಟಕ್' ಎಂದು ಏನೋ ಕೆಳಗೆ ಬಿದ್ದರೂ, ಏನದು ಎಂದು ನೋಡದೆ ತಡವರಿಸಿಕೊಂಡು ಇಳಿದುಬಿಟ್ಟಿದ್ದ.

ಇವತ್ತು ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದಂತೆ ಮ್ಯೂಸಿಯಂ ಸಾಹೇಬರ ಫೋನು ಬಂತು.

"ಧೂಳಪ್ಪಾ, ಎಡಗಡೆ ಮೂರನೇ ಹಲ್ಲು ಬಿದ್ದಿದೆಯಲ್ಲ, ದೊಡ್ಡ ಪ್ರೊಫೆಸರಮ್ಮ ನಾಲ್ಕು ಗಂಟೆಗೆ ಅದನ್ನೇ ನೋಡೋಕೆ ಬರ್ತಿದ್ದಾರೆ. ಆ ಜಾಗ ಚೆನ್ನಾಗಿ ಕಾಣಬೇಕು. ಹೆಚ್ಚುಕಮ್ಮಿ ಆಯ್ತೋ, ನಿನ್ನನ್ನ ನೆಲಮಾಳಿಗೆಗೆ ಹಾಕಿಬಿಡ್ತೀನಿ!"

ನೆಲಮಾಳಿಗೆಯಲ್ಲಿದ್ದದ್ದು ಒಣಗಿದ ಹುಳಹುಪ್ಪಟೆ ಮತ್ತು ನುಸಿಗುಳಿಗೆ. ಆ ವಾಸನೆ ಒಮ್ಮೆ ಮೂಗಿಗೆ ಬಡಿದರೆ ಧೂಳಪ್ಪನಿಗೆ ಒಂಬತ್ತು ದಿನ ಸೀನು ನಿಲ್ಲುತ್ತಿರಲಿಲ್ಲ.

ಏಣಿ ಹತ್ತಿದ. ಜೀವಮಾನದಲ್ಲಿ ಮೊದಲ ಸಲ ಒಂದು ಕಣ್ಣು ತೆರೆದ. ಎಡಗಡೆ, ಒಂದು, ಎರಡು, ಆಮೇಲೆ ಸಂದಿ! ಕಣ್ಣು ಮತ್ತೆ ತಾನಾಗಿಯೇ ಮುಚ್ಚಿಕೊಂಡಿತು.

"ನಿನ್ನೆ ಟಕ್ ಅಂದದ್ದು ಹಲ್ಲೇ!" ಎಂದು ಗೋಳಾಡುತ್ತ ಇಳಿದು ನೆಲವೆಲ್ಲ ಹುಡುಕಿದ, ಹಲ್ಲು ಸಿಗಲಿಲ್ಲ.

ಟಿಕೆಟ್ ಕೊಡುವ ಅಕ್ಕ ಓಡಿ ಬಂದಳು. "ಅಯ್ಯೋ ಧೂಳಣ್ಣಾ, ಏಳು ಕೋಟಿ ವರ್ಷ ಉಳಿದ ಹಲ್ಲು ನಿನ್ನ ಕೈಲಿ ಉಳೀಲಿಲ್ವಲ್ಲ!"

"ಮೊದಲು ಅಲ್ಲಿ ಹಲ್ಲಿತ್ತಾ? ನೀನಾದ್ರೂ ನೋಡಿದ್ಯೇನಯ್ಯಾ?" ಎಂದು ಧೂಳಪ್ಪ ವಾಚ್‌ಮನ್ನನ್ನು ಕೇಳಿದ.

"ನಾನು ಬಾಗಿಲು ಕಾಯೋನು, ಬಾಯಿ ಕಾಯೋನಲ್ಲ. ಒಂದು ಮೂಲಂಗಿ ಸಿಕ್ಕಿಸಿಬಿಡು."

"ಮೂಲಂಗಿ ಸಂಜೆಗೆ ಬಾಡುತ್ತೆ," ಎಂದಳು ಅಕ್ಕ. "ನಿನ್ನ ಬಾಮೈದ ಹಲ್ಲಿನ ಸೆಟ್ ಕಟ್ತಾನಲ್ಲ, ಅವನನ್ನ ಕರಿ."

ಧೂಳಪ್ಪ ಫೋನು ಹಚ್ಚಿದ. ಬಾಮೈದ ಎಂದಿನಂತೆ ಪೆನ್ಸಿಲು ಕಿವಿಯಿಂದ ತೆಗೆದು ಕೇಳತೊಡಗಿದ.

"ಎಷ್ಟು ಹಲ್ಲು ಬಾವ?"

"ಒಂದೇ."

"ಪೇಷೆಂಟಿನ ವಯಸ್ಸು?"

"ಏಳು ಕೋಟಿ."

"ಹಾಗಾದ್ರೆ ಒಸಡು ಸಡಿಲ ಇರುತ್ತೆ. ಊಟ?"

"ಬರೀ ಮಾಂಸ. ಅದೂ ಹಸಿ."

"ಆ ವಯಸ್ಸಲ್ಲಿ? ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ವಿಷಯ ತಿಳಿದ ಮೇಲೆ ಬಾಮೈದ ಪೆಟ್ಟಿಗೆ ಹೊತ್ತು ಹಾರಿಯೇ ಬಂದ. ನಲವತ್ತು ಜನರ ದವಡೆಗೆ ಆಗುವಷ್ಟು ಹಲ್ಲಿನ ಹಿಟ್ಟು ಕಲಸಿ ಬಾಳೆಹಣ್ಣಿನಷ್ಟು ಉದ್ದದ ಒಂದೇ ಹಲ್ಲು ಮಾಡಿದ. ಅರ ತೆಗೆದುಕೊಂಡು ಅಂಚಿಗೆ ಕಚ್ಚು ಕೊರೆದ. ಬಣ್ಣಕ್ಕೆ ಅಕ್ಕನ ಫ್ಲಾಸ್ಕಿನ ಚಹಾದಲ್ಲಿ ನೆನೆಸಿದ. ಬುಡಕ್ಕೆ ಅಂಟು ಸುರಿದು ಕೂರಿಸುವಾಗ ಟಾರ್ಚು ಹಿಡಿದದ್ದು ಧೂಳಪ್ಪ, ಕಣ್ಣು ಮುಚ್ಚಿಕೊಂಡು. ಬೆಳಕು ಎರಡು ಸಲ ಚಾವಣಿಗೂ ಒಂದು ಸಲ ಬಾಮೈದನ ಮೂಗಿಗೂ ಬಿತ್ತು.

ನಾಲ್ಕಕ್ಕೆ ಸರಿಯಾಗಿ ಸಾಹೇಬರೊಡನೆ ಪ್ರೊಫೆಸರಮ್ಮ ಬಂದರು. ಭೂತಗನ್ನಡಿ ಹಿಡಿದು ಸರಸರನೆ ಏಣಿ ಹತ್ತಿದರು. ಕೆಳಗೆ ಧೂಳಪ್ಪನ ಎದೆ ಎಷ್ಟು ಜೋರಾಗಿ ಹೊಡೆದುಕೊಂಡಿತೆಂದರೆ ಡೈನೋಸಾರಿನ ಪಕ್ಕೆಲುಬುಗಳು ತಾಳ ಹಾಕಿದವು.

"ಸಂದಿ ಎಲ್ಲಿ?" ಎಂದರು ಪ್ರೊಫೆಸರಮ್ಮ.

"ಯಾವ ಸಂದಿ ಅಮ್ಮಾ? ಎಲ್ಲಾ ಭರ್ತಿ!" ಎಂದ ಧೂಳಪ್ಪ.

"ಅಯ್ಯೋ ಮಹರಾಯಾ! ಈ ಪ್ರಾಣಿಗಳಿಗೆ ಸಾಯೋತನಕ ಹಲ್ಲು ಬೀಳ್ತಾನೇ ಇರುತ್ತೆ, ಹುಟ್ತಾನೇ ಇರುತ್ತೆ. ಇದಕ್ಕೆ ಆ ಹಲ್ಲು ಬಿದ್ದದ್ದು ಬದುಕಿದ್ದಾಗಲೇ. ಆ ಸಂದೀಲಿ ಒಂದು ಮರಿಹಲ್ಲು ಮೊಳೀತಿತ್ತು. ಅದನ್ನ ನೋಡೋಕೆ ಮೂರು ರೈಲು ಬದಲಾಯಿಸಿ ಬಂದೆ!"

ಸಾಹೇಬರ ಮುಖ ಕುದಿಯುವ ಕೆಟಲಿನಂತಾಯಿತು. "ಧೂಳಪ್ಪಾ, ಏನಿದು?"

ಧೂಳಪ್ಪ ಹಿಂದುಮುಂದು ನೋಡಲಿಲ್ಲ. "ಬೆಳೆದುಬಿಟ್ಟಿದೆ ಸಾರ್! ಬೆಳಿಗ್ಗೆ ಇಷ್ಟೇ ಇಷ್ಟಿತ್ತು!"

ಆ ಸುಳ್ಳೂ ಒಂದು ಗಳಿಗೆ ನಿಲ್ಲುತ್ತಿತ್ತೋ ಏನೋ. ಹೊಗಳಿಕೆಗಾಗಿ ಕಾದು ಕಾದು ಸಾಕಾಗಿದ್ದ ಬಾಮೈದ ಕಂಬದ ಹಿಂದಿನಿಂದ ಹೊರಗೆ ಬಂದ. "ನನ್ನ ಕೆಲಸ ಮೇಡಂ! ಆನೆ ಕಟ್ಟಿ ಎಳೆದ್ರೂ ಬರಲ್ಲ."

"ಬರಲೇಬೇಕಲ್ಲಪ್ಪ! ಒಳಗಿನ ಮರಿಹಲ್ಲಿಗೆ ಏಟಾಗಬಾರದು."

"ಹಾಗಾದ್ರೆ ದಿನಕ್ಕೆ ಒಂದು ಅಕ್ಕಿಕಾಳಿನಷ್ಟು ಕೆರೀಬೇಕು. ಆರು ತಿಂಗಳು. ಕಟ್ಟಿದವನೇ ಕೆರೀಬೇಕು ಮೇಡಂ, ಬೇರೆಯವರಿಂದ ಆಗಲ್ಲ."

ಸಾಹೇಬರು ಅಲ್ಲೇ ಬಾಮೈದನ ಕೈಗೆ ಏಣಿ ಒಪ್ಪಿಸಿದರು. ಧೂಳಪ್ಪನ ಕೈಗೆ ನೆಲಮಾಳಿಗೆಯ ಬೀಗದ ಕೈ ಬಂತು. ಅವನು ಮೆಟ್ಟಿಲು ಇಳಿಯುವಾಗ ಟಿಕೆಟ್ ಅಕ್ಕ ಹಿಂದಿನಿಂದ ಕೂಗಿದಳು.

"ಧೂಳಣ್ಣಾ, ಮರೆತೇಬಿಟ್ಟಿದ್ದೆ. ನಿನ್ನೆ ಆ ಪ್ರಾಣಿ ಕೆಳಗೆ ಒಂದು ಅಂಗಿ ಗುಂಡಿ ಬಿದ್ದಿತ್ತು. ನಿಂದೇನಾ ನೋಡು."

ಧೂಳಪ್ಪ ಎದೆ ಮುಟ್ಟಿ ನೋಡಿಕೊಂಡ. ಮೇಲಿನಿಂದ ಒಂದು, ಎರಡು, ಆಮೇಲೆ ಸಂದಿ!

ಸಂಜೆ ಮನೆಯಲ್ಲಿ ಊಟಕ್ಕೆ ತಟ್ಟೆಗಳು ಬಿದ್ದವು. ಧೂಳಪ್ಪನ ಮೂಗು ಆಗಲೇ ಕೆಂಪು ದೀಪವಾಗಿತ್ತು. ಹೆಂಡತಿ ಅಭ್ಯಾಸಬಲದಿಂದ ಎರಡನೇ ಸೌಟನ್ನು ಅವನ ತಟ್ಟೆಯ ಕಡೆ ತಂದಳು.

"ಅಕ್ಕಾ, ಇವತ್ತು ಡೈನೋಸಾರಿನ ಬಾಯೊಳಗೆ ಕೈ ಹಾಕಿದೆ," ಎಂದ ಪಕ್ಕದಲ್ಲಿ ಕೂತಿದ್ದ ಬಾಮೈದ.

ಸೌಟು ನಿಂತಿತು. "ಅದರಲ್ಲೇನೋ? ನಿಮ್ಮ ಬಾವನೂ ದಿನಾ ಹಾಕ್ತಾರೆ."

"ಹಾಕ್ತಾರಕ್ಕಾ, ಇಲ್ಲ ಅಂದೋರು ಯಾರು? ನಾನು ಕಣ್ಣು ಬಿಟ್ಕೊಂಡು ಹಾಕ್ದೆ, ಅಷ್ಟೇ."

ಸೌಟು ನಿಧಾನವಾಗಿ ಬಾಮೈದನ ತಟ್ಟೆಯತ್ತ ತಿರುಗಿತು. ಧೂಳಪ್ಪ ಏನೋ ಹೇಳಲು ಬಾಯಿ ತೆರೆದ.

"ಆ... ಆ... ಆಕ್ಷೀ!"