ಏಳನೆಯ ಸಾಲಿನ ಘೋರಸಮರ

ಸಹೃದಯರೇ, ಕಿವಿಗೊಡಿ! ವಿದ್ಯುತ್ತು ದಿನಕ್ಕೆ ಮೂರು ಸಲ ಕೈಕೊಡುತ್ತಿದ್ದ, ಯಂತ್ರಗಳು ಎದ್ದೊಡನೆ ಇಂದು ಯಾವ ತಾರೀಖೆಂದು ತಡಕಾಡುತ್ತಿದ್ದ ಆ ದಾರುಣ ಯುಗದಲ್ಲಿ, ಹುಬ್ಬಳ್ಳಿ ಮಹಾನಗರದ ಒಂದು ಕಟ್ಟಡದ ಮೂರನೆಯ ಮಹಡಿಯೆಂಬ ಗಿರಿಶಿಖರದಲ್ಲಿ, ಸಹಸ್ರದೋಷಮರ್ದಿನಿಯೂ ಅರ್ಧಪೀತಚಹಾಪಾತ್ರಪರಿವೇಷ್ಟಿತೆಯೂ ಆದ ಹೇಮಾ ಗುಡಗೇರಿಯೆಂಬ ವೀರವನಿತೆ ವಿರಾಜಿಸುತ್ತಿದ್ದಳು. ಯಂತ್ರದ ಸಕಲ ವ್ಯವಹಾರಗಳನ್ನೂ ಒಳಗೆ ಕೂತು ನಡೆಸುವ ಕರ್ನೆಲ್ ಎಂಬ ಮೂಲ ತಂತ್ರಾಂಶವನ್ನು ಕಾಯುವುದೇ ಅವಳ ವ್ರತ.

ಆ ಕರ್ನೆಲ್ ಎರಡು ಬಗೆಯ ಪ್ರೊಸೆಸರುಗಳ ಮೇಲೆ ಓಡುತ್ತಿತ್ತು: ಒಂದು ಆಫೀಸಿನ ಮೇಜಿನ ಕಂಪ್ಯೂಟರಿನದು, ಇನ್ನೊಂದು ಬಸ್ ಕಂಡಕ್ಟರರ ಕೈಯಲ್ಲಿರುವ ಟಿಕೆಟ್ ಮಷಿನ್ನಿನದು. ಎರಡಕ್ಕೂ ಬೇರೆ ಬೇರೆ ಫೋಲ್ಡರು, ಫೋಲ್ಡರಿಗೊಬ್ಬ ದ್ವಾರಪಾಲಕ, ಅಂದರೆ ಅದರ ಉಸ್ತುವಾರಿ ನೋಡುವ ಇಂಜಿನಿಯರು. ಯಂತ್ರ ಎದ್ದೊಡನೆ ಒಳಗಿನ ಗಡಿಯಾರ ಓದಿ ತಾರೀಖು ತಿಳಿಸುವ ಹದಿನಾಲ್ಕು ಸಾಲಿನ ಕೋಡು ಮಾತ್ರ ಎರಡೂ ಕಡೆ ಇತ್ತು. ಒಂದು ಕಡೆ ಹೇಮಾ ತಪ್ಪು ತಿದ್ದಿದರೆ ಇನ್ನೊಂದು ಕಡೆ ಅದೇ ತಪ್ಪು ಹಾಯಾಗಿ ಬದುಕಿರುತ್ತಿತ್ತು. ವಾರವೆಲ್ಲ ಒಂದರಲ್ಲಿ ತಿದ್ದಿದ್ದನ್ನು ರವಿವಾರ ಒಬ್ಬಳೇ ಕೂತು ಇನ್ನೊಂದರಲ್ಲಿ ತಿದ್ದುವುದು ಅವಳ ಪಾಲಿಗೆ ಬಂದಿತ್ತು. ಐದು ತಿಂಗಳಿಂದ ಆಕೆ ಮನೆಯಲ್ಲಿ ರವಿವಾರವನ್ನೇ ಕಂಡಿರಲಿಲ್ಲ. ಹೇಳುವಾಗ ನನಗೇ ಕರುಳು ಚುರುಕ್ಕೆನ್ನುತ್ತದೆ. ಆ ಕೋಡನ್ನು ಒಂದೇ ಮಾಡಿ, ಇಬ್ಬರಿಗೂ ಸೇರಿದ ಮೂರನೆಯ ಫೋಲ್ಡರಿನಲ್ಲಿ ಇಡುವೆನೆಂದು ಅವಳು ಪಣ ತೊಟ್ಟಳು. ಅದಕ್ಕೆ ಇಬ್ಬರು ದ್ವಾರಪಾಲಕರೂ ಒಪ್ಪಬೇಕು, ಅದೂ ಅಂದೇ ಸಂಜೆ ಐದು ಗಂಟೆಯೊಳಗೆ. ತಪ್ಪಿದರೆ ಕರ್ನೆಲ್ಲಿನ ಮುಂದಿನ ಆವೃತ್ತಿಗೆ ಆರು ತಿಂಗಳು ಕಾಯಬೇಕು.

ಮೂರು ಗಂಟೆಗೆ ರಣಭೇರಿ ಮೊಳಗಿತು, ಅಂದರೆ ಮೀಟಿಂಗ್ ರೂಮಿನ ಫ್ಯಾನು ಕಿರುಗುಟ್ಟಿತು. ಮೇಜಿನ ಕಂಪ್ಯೂಟರುಗಳ ಪಾಲಕನಾದ, ಏಕಫೋಲ್ಡರಚಕ್ರವರ್ತಿ ಚನ್ನವೀರ ಬೆಲ್ಲದ ಮೊದಲು ಎದ್ದು ಗರ್ಜಿಸಿದನು: “ಎಲೌ ವೀರವನಿತೆ, ನನ್ನ ಏಳನೆಯ ಸಾಲಿನ ಮಹಿಮೆಯನ್ನು ಬಲ್ಲೆಯಾ? ಗಡಿಯಾರವನ್ನು ಓದುವ ಮುನ್ನ ನೂರರವರೆಗೆ ಎಣಿಸಿ ನಿಲ್ಲುವ ಆ ಸಾಲೇ ನನ್ನ ಪ್ರೊಸೆಸರಿನ ಪ್ರಾಣವಾಯು! ಅನ್ಯಯಂತ್ರಗಳಿಗೆ ಅದನ್ನು ಧರಿಸುವ ಯೋಗ್ಯತೆಯೆಲ್ಲಿ?”

ಅವನು ನಿಜಕ್ಕೂ ಹೇಳಿದ್ದು ಇಷ್ಟು: “ಏಳನೇ ಸಾಲು ಮುಟ್ಟಬ್ಯಾಡ್ರಿ ಮೇಡಂ. ಅದು ನಮ್ಮ ಪ್ರೊಸೆಸರಿಗೆ ಅಷ್ಟ ಬೇಕಾದ್ದು.”

ಆಗ ಟಿಕೆಟ್ ಮಷಿನ್ನುಗಳ ಪಾಲಕನಾದ, ಕರತಲಯಂತ್ರಕುಲತಿಲಕ ಇರ್ಫಾನ್ ಮುಲ್ಲಾ ಮಾರ್ಕರ್ ಪೆನ್ನನ್ನು ಝಳಪಿಸುತ್ತ ಎದ್ದನು. “ಏನ್ ಮಾತಾಡ್ತೀರಿ ಚನ್ನವೀರಣ್ಣ? ನೂರರ ತನಕ ಎಣಸೂದು ನಮ್ಮ ಮಷಿನ್ನಿಗೆ ಬೇಕ್ರಿ. ನಿಮ್ಮ ಪೆಟ್ಟಿಗಿಗೆ ಯಾಕ ಬೇಕದು?”

ಹೇಮಾ ಎರಡೂ ಫೋಲ್ಡರುಗಳನ್ನು ಗೋಡೆಯ ಪರದೆಯ ಮೇಲೆ ಅಕ್ಕಪಕ್ಕ ತೆರೆದಳು. ಏಳನೆಯ ಸಾಲು ಎರಡರಲ್ಲೂ ಒಂದೇ! ಒಂಬತ್ತು ವರ್ಷಗಳಲ್ಲಿ ಒಬ್ಬನಾದರೂ ಇನ್ನೊಬ್ಬನ ಫೋಲ್ಡರಿನೊಳಗೆ ಇಣುಕಿ ನೋಡಿರಲಿಲ್ಲ, ಅಂಥ ಸ್ವಾಭಿಮಾನ.

“ನೀವು ಕದ್ದೀರಿ!” ಎಂದನು ಚನ್ನವೀರ.

“ಕದ್ದಾವ್ರು ನೀವು!” ಎಂದನು ಇರ್ಫಾನ್.

ದಿಕ್ಕುಗಳು ನಡುಗಿದವು, ಪಕ್ಕದ ಕೋಣೆಯವರು ಬಾಗಿಲು ಮುಚ್ಚಿಕೊಂಡರು. ಗಂಟೆ ನಾಲ್ಕೂವರೆಯಾಯಿತು.

“ನನಗ ಒಂದು ರವಿವಾರ ಬೇಕ್ರೀಪಾ,” ಎಂದಳು ಹೇಮಾ. “ಒಂದ ಒಂದು.”

ಆ ಹದಿನಾಲ್ಕು ಸಾಲುಗಳನ್ನು ಮೊಟ್ಟಮೊದಲು ಬರೆದು, ಈಗ ನಿವೃತ್ತಳಾಗಿ ಧಾರವಾಡದಲ್ಲಿದ್ದ ಸುಮಿತ್ರಾ ಜೋಶಿಗೆ ಹೇಮಾ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಏಳನೆಯ ಸಾಲು ಯಾಕೆಂದು ಕೇಳಿದಳು. ಕುಕ್ಕರಿನ ಶಂಖನಾದದ ನಡುವಿನಿಂದ ಆಕಾಶವಾಣಿ ಕೇಳಿಸಿತು:

“ನೂರರ ತನಕ ಎಣಸೂದಾ? ನನ್ನ ಮೇಜಿನ ಮ್ಯಾಲೆ ಒಂದು ಹಳೇ ಸರ್ಕ್ಯೂಟ್ ಬೋರ್ಡ್ ಇತ್ತಲ್ಲ, ಅದರ ಗಡಿಯಾರ ಏಳ್ಲಿಕ್ಕೆ ತಡಾ ಮಾಡ್ತಿತ್ತು. ಅದಕ್ಕ ಹಾಕಿದ್ದೆ. ಆ ಬೋರ್ಡ್ ಗುಜರಿಗೆ ಹೋಗಿ ಎಂಟು ವರ್ಷ ಆತು. ಇಬ್ಬರೂ ನನ್ನ ಕಡಿಂದನ ಕಾಪಿ ಹೊಡದಿದ್ರಿ, ಮರತ್ರೇನು? ಇನ್ನೂ ತಗದಿಲ್ಲಾ?”

ಮಹಾರಥಿಗಳಿಬ್ಬರೂ ಬೂಟುಗಳನ್ನು ನೋಡಿಕೊಂಡರು. ಏಳನೆಯ ಸಾಲು ವೀರಸ್ವರ್ಗ ಸೇರಿತು. ಉಳಿದ ಹದಿಮೂರು ಸಾಲುಗಳು ಐದಕ್ಕೆ ನಾಲ್ಕು ನಿಮಿಷವಿರುವಾಗ ಎರಡೂ ಫೋಲ್ಡರುಗಳನ್ನು ಬಿಟ್ಟು, ಇಬ್ಬರಿಗೂ ಸೇರಿದ ಫೋಲ್ಡರಿಗೆ ಹೋದವು. ಹೇಮಾ ಎರಡೂ ಯಂತ್ರಗಳನ್ನು ಚಾಲೂ ಮಾಡಿದಳು. ಎರಡೂ ನಿನ್ನೆಯಂತೆಯೇ ಎದ್ದವು, ಸರಿಯಾದ ತಾರೀಖು ತೋರಿಸಿದವು.

“ಏನೂ ಆಗ್ಲಿಲ್ಲಲ್ರಿ?” ಎಂದನು ಇರ್ಫಾನ್, ಸ್ವಲ್ಪ ನಿರಾಸೆಯಿಂದಲೇ.

“ಹೌದ್ರಿ, ಏನೂ ಆಗ್ಲಿಲ್ಲ,” ಎಂದಳು ಹೇಮಾ ಕಣ್ಣೊರೆಸಿಕೊಳ್ಳುತ್ತ. ಅಷ್ಟು ಸಂತೋಷ ಅವಳಿಗೆ ಎಂದೂ ಆಗಿರಲಿಲ್ಲ.

ಆ ರವಿವಾರ ಅವಳು ಹತ್ತೂವರೆಗೆ ಎದ್ದಳು. ಯಾಕೋ ಹೆದರಿಕೆಯಾಗಿ, ಎಲ್ಲ ಸರಿಯಿದೆಯೇ ಎಂದು ಕೇಳಲು ಆಫೀಸಿಗೆ ಫೋನ್ ಮಾಡಿದಳು. ಅದು ರಿಂಗಾಗಿ ರಿಂಗಾಗಿ ನಿಂತಿತು. ರವಿವಾರ ಅಲ್ಲಿ ಫೋನ್ ಎತ್ತುತ್ತಿದ್ದವಳು ಅವಳೊಬ್ಬಳೇ.