ಮಂಡಳಿ ಕೊಟ್ಟ ಟಗರು

ಟಗರಿನ ಬಾಯಲ್ಲಿ ಹಲ್ಲೇ ಇರಲಿಲ್ಲ. ಔರಾದ ಕಡೆಯ ಕುರಿಗಾರ ಮಡೆಪ್ಪ ಇದನ್ನು ಕಂಡದ್ದು, ಗಡಿನಾಡು ಕುರಿ ಮಂಡಳಿಯವರು ಟಗರಿಗೆ ಹಾರ ಹಾಕಿ, ಫೋಟೊ ತೆಗೆದು ಹೋದ ಮೇಲೆ. 'ಉತ್ತಮ ತಳಿಯ ಎಳೆ ಟಗರು' ಎಂದು ಸರ್ಕಾರದ ಆ ಮಂಡಳಿ ಅದನ್ನು ನಲವತ್ತು ಸಾವಿರಕ್ಕೆ ಕೊಂಡು ಅವನಿಗೆ ಕೊಟ್ಟಿತ್ತು. ಅದರಲ್ಲಿ ಹತ್ತು ಸಾವಿರ ಮಡೆಪ್ಪ ಎರಡು ಕುರಿ ಮಾರಿ ಕಟ್ಟಿದ್ದು. ಹಿಂಡಿಗೆ ಬಿಟ್ಟರೆ ಟಗರು ನಿವೃತ್ತ ಗುಮಾಸ್ತನಂತೆ ನೆರಳು ಹುಡುಕಿ ಮಲಗುತ್ತಿತ್ತು.

ಟಗರು ಚುರುಕಾಗಲು ನೆರೆಯವರಲ್ಲಿ ಒಬ್ಬರು ಬೆಲ್ಲ ತಿನ್ನಿಸು ಎಂದರು, ಇನ್ನೊಬ್ಬರು ಕನ್ನಡಿ ತೋರಿಸು ಎಂದರು. ಹೆಂಡತಿ ಅಂಜನಾಬಾಯಿ ಮಾತ್ರ, ಕೊಟ್ಟವರ ಬಾಗಿಲಿಗೇ ಕಟ್ಟಿ ಬಾ ಎಂದಳು.

ಬೆಳಿಗ್ಗೆ ಮಡೆಪ್ಪ ಟಗರಿನೊಂದಿಗೆ, ಮಂಡಳಿಯ ಕಚೇರಿಯಿದ್ದ ಬೀದರಿನ ಬಸ್ಸು ಹತ್ತಿದ. ಟಗರು ಮುಂದಿನ ಸೀಟಿನ ಹೆಂಗಸಿನ ಚೀಲಕ್ಕೆ ಬಾಯಿ ಹಾಕಿ ಬಾಳೆಹಣ್ಣು ಚೀಪಿತು. ಅದರ ದುಡ್ಡನ್ನೂ ಮಡೆಪ್ಪನೇ ತೆತ್ತ.

ಬೀದರಿನ ಧಾನ್ಯದ ಪೇಟೆ ಗಾಂಧಿ ಗಂಜದಲ್ಲಿ ಮೂಟೆ ಇಳಿಸುತ್ತಿದ್ದ ಭಾಲ್ಕಿಯ ಹಮಾಲ ಬಕ್ಕಪ್ಪ ಟಗರನ್ನು ನೋಡಿ ನಕ್ಕುಬಿಟ್ಟ. ಅದು ತನ್ನೂರಿನ ಓಂಪ್ರಕಾಶನದು, ಹೋದ ವರ್ಷ ಆರು ಸಾವಿರಕ್ಕೂ ಕಸಾಯಿಯವನು ಮುಟ್ಟಿರಲಿಲ್ಲ ಎಂದ. ಓಂಪ್ರಕಾಶ ಯಾರೆಂದರೆ, ಮಂಡಳಿಯ ಅಧ್ಯಕ್ಷ ಏಕನಾಥರ ಹೆಂಡತಿಯ ತಮ್ಮ.

ಮಡೆಪ್ಪನ ನೆತ್ತಿ ಕಾದ ಹಂಚಾಯಿತು. ಮಂಡಳಿಯ ಕಚೇರಿಯಲ್ಲಿ ತಡೆದ ಜವಾನನನ್ನು ದೂಡಿಕೊಂಡು, ಟಗರಿನ ಸಮೇತ ಅಧ್ಯಕ್ಷರ ಕೋಣೆಗೇ ನುಗ್ಗಿದ.

"ಸಾಹೇಬ್ರ, ಮೈದುನನ ಮುದಿ ಟಗರ ತಂದು ನನ್ನ ಕೊರಳಿಗಿ ಕಟ್ಟೀರಲ್ಲರಿ. ಸರ್ಕಾರದ ರೊಕ್ಕ ಅಂದ್ರ ನಿಮ್ಮ ಮನಿ ರೊಕ್ಕ ಏನ್ರಿ?"

ಏಕನಾಥರು ಬೇಸರಿಸಲಿಲ್ಲ. ಚಹಾ ತರಿಸಿದರು, ತನಿಖೆಗೆ ಅಲ್ಲೇ ಆದೇಶ ಬರೆಸಿದರು. ತನಿಖೆಯಲ್ಲಿ ತಾನೂ ಕೂಡುತ್ತೇನೆಂದು ಮಡೆಪ್ಪ ಹಟ ಹಿಡಿದ.

"ನೀ ಹ್ಯಾಂಗ ಕೂಡ್ತಿ? ಟಗರ ನಿಂದು. ಇದರಾಗ ನಿನ್ನ ಹಿತಾಸಕ್ತಿ ಅದ. ಕಾಯ್ದಾ ಒಪ್ಪಂಗಿಲ್ಲ."

"ಮತ್ತ ತನಿಖಿ ಯಾರು ಮಾಡ್ತಾರರಿ?"

"ಓಂಪ್ರಕಾಶ. ಅಂವ ಮಾರಿ, ರೊಕ್ಕ ತಗೊಂಡು ಮುಗಿಸ್ಯಾನ. ಈಗ ಅವಗ ಇದರಾಗ ಯಾವ ಹಿತಾಸಕ್ತಿನೂ ಉಳಿದಿಲ್ಲ."

ಗುಮಾಸ್ತೆ ಸರಿತಾ ತಲೆ ತಗ್ಗಿಸಿಕೊಂಡೇ ಆದೇಶದ ಉಳಿದ ಸಾಲುಗಳನ್ನು ಓದಿದಳು: ತನಿಖೆ ಮುಗಿಯುವವರೆಗೆ ಟಗರು ಸರ್ಕಾರಿ ಸಾಕ್ಷ್ಯ, ಅದರ ಮೇವು-ಔಷಧಿಯ ಖರ್ಚು ಮಡೆಪ್ಪನದು, ಅಷ್ಟರಲ್ಲಿ ಅದು ಸತ್ತರೆ ನಲವತ್ತು ಸಾವಿರವೂ ಅವನಿಂದಲೇ ವಸೂಲಿ.

ಮಡೆಪ್ಪ ಟಗರನ್ನು ಹಿಡಿದು ಹೊರಗೆ ಬಂದ. ಮೆಟ್ಟಿಲ ಮೇಲೆ ಸಿಟ್ಟಿನಿಂದ ಹಗ್ಗ ಜಗ್ಗಿದ.

ಟಗರು ಕೆಮ್ಮಿತು.

ಮಡೆಪ್ಪ ಥಟ್ಟನೆ ಹಗ್ಗ ಸಡಿಲಿಸಿದ. ತಲೆಯ ರುಮಾಲು ಬಿಚ್ಚಿ ಅದರ ಕೊರಳಿಗೆ ಬೆಚ್ಚಗೆ ಸುತ್ತಿ, ಮೆಲ್ಲಗೆ ಎತ್ತಿ ಹೆಗಲ ಮೇಲೆ ಹಾಕಿಕೊಂಡ.