ಮುಖಪುಟಕ್ಕಾಗಿ ಹರಗೋಲು ಹತ್ತಿದ ಬೀಗರು

ಸಂಕ್ರಾಂತಿ ಹತ್ತಿರ ಬಂತೆಂದರೆ ಊರೆಲ್ಲ ಎಳ್ಳು ಹುರಿಯುವ ವಾಸನೆ. ನಮ್ಮ ಕಚೇರಿಯಲ್ಲಿ ಮಾತ್ರ ಸಂಪಾದಕರ ತಲೆ ಹುರಿಯುವ ವಾಸನೆ. ಯಾದಗಿರಿಯ ನಮ್ಮ ಪುಟ್ಟ ಮಾಸಪತ್ರಿಕೆ ಪ್ರತಿವರ್ಷ ಸಂಕ್ರಾಂತಿ ಸಂಚಿಕೆಯ ಮುಖಪುಟದಲ್ಲಿ ‘ವರ್ಷದ ವ್ಯಕ್ತಿ’ಯ ಫೋಟೋ ಹಾಕುತ್ತದೆ. ಸುತ್ತಲಿನ ಊರುಗಳಲ್ಲಿ ವರ್ಷವಿಡೀ ಸುದ್ದಿ ಮಾಡಿ, ಮಂದಿಯ ಮೇಲೆ ಹೆಚ್ಚು ಪ್ರಭಾವ ಬೀರಿದವರು ಯಾರೋ ಅವರದು. ನಾನು ಅಲ್ಲಿ ಕರಡು ತಿದ್ದುವವನು. ಬೆಳಿಗ್ಗೆ ಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಕಚೇರಿಗೆ ಹೋಗುವುದು, ಸಂಜೆ ಓಣಿಯ ಹನುಮಪ್ಪನಿಗೆ ಕೈಮುಗಿದು ಮನೆಗೆ ಬರುವುದು, ಇಷ್ಟೇ ನನ್ನ ಬದುಕು. ನಡುವೆ ನಗಿಸುವ ಕೆಲಸ ದೇವರದು. ಒಂದು ವರ್ಷವೂ ಆತ ಅದನ್ನು ತಪ್ಪಿಸಿಲ್ಲ.

ಎಣ್ಣೆ ಹತ್ತಿದ ಮತಗಳು

ಮೊದಲ ಸಲ, ಓದುಗರೇ ಆರಿಸಲಿ ಎಂದು ಪತ್ರಿಕೆಯಲ್ಲಿ ಒಂದು ಚೀಟಿ ಅಚ್ಚು ಹಾಕಿಸಿದೆವು. ಮೆಚ್ಚಿದವರ ಹೆಸರು ಬರೆದು, ಕತ್ತರಿಸಿ ಕಳಿಸಬೇಕು. ಸುರಪುರದಿಂದ ಒಂದು ಚೀಲವೇ ಬಂತು. ಬಿಚ್ಚಿದರೆ ಕಚೇರಿಯೆಲ್ಲ ಘಮಘಮ. ಚೀಟಿ ಚೀಟಿಗೂ ಎಣ್ಣೆ, ಎಲ್ಲದರ ಮೇಲೂ ಒಂದೇ ಹೆಸರು: ಅಲ್ಲಿಯ ಬಸ್ ನಿಲ್ದಾಣದ ಹತ್ತಿರ ಮಿರ್ಚಿ ಭಜಿ ಕರಿಯುವವನದು.

ಸಂಪಾದಕರು ನನ್ನನ್ನೂ ಕರೆದುಕೊಂಡು ಸುರಪುರಕ್ಕೆ ಹೋದರು.

“ಬರ್ರಿ ಸರ್, ಬಿಸಿ ಅದಾವ,” ಎಂದ ಭಜಿಯವ.

“ಭಜಿ ಇರ್ಲಿ ತಮ್ಮಾ. ನೀ ಏನು ಸುದ್ದಿ ಮಾಡೀ ಅಂತ ಇಷ್ಟು ಮಂದಿ ನಿನ್ನ ಹೆಸರು ಬರದಾರ?”

“ನಾ ಸುದ್ದಿ ಮಾಡಂಗಿಲ್ರಿ, ಹಂಚತೀನಿ. ಮಾರಾಟ ಆಗದ ನಿಮ್ಮ ಪತ್ರಿಕಿ ರದ್ದಿಗೆ ಬರ್ತಾವಲ್ರಿ, ಅದರಾಗ ಭಜಿ ಕಟ್ಟಿ ಕೊಡತೀನಿ. ಮಂದಿ ತಿನ್ಕೋಂತ ಓದತಾರ. ಚೀಟಿ ಕಂಡ್ರ ಯಾರ ಹೆಸರು ಬರೀಲಿ ಅಂತ ತಲಿ ಎತ್ತತಾರ. ಎದುರಿಗೆ ನಾನ ನಿಂತಿರತೀನಿ! ಸುರಪುರದಾಗ ನಿಮ್ಮ ಪತ್ರಿಕಿ ನನ್ನಷ್ಟು ಮಂದಿಗೆ ಯಾರು ಮುಟ್ಟಿಸ್ಯಾರ ಹೇಳ್ರಿ?”

ಸಂಪಾದಕರು ಒಂದು ಪ್ಲೇಟು ಭಜಿ ತರಿಸಿಕೊಂಡರು. ಮುಖಪುಟದಲ್ಲಿ ಆತನ ಫೋಟೋ ಬಂತು. ಆ ಒಂದು ಸಂಚಿಕೆಯಲ್ಲಿ ಮಾತ್ರ ಆತ ಭಜಿ ಕಟ್ಟಲಿಲ್ಲ. ಯಾಕೆಂದು ಕೇಳಿದವರಿಗೆ ಹೇಳಿದನಂತೆ: “ಫೋಟೋದಾಗಿನ ನನ್ನ ಮಾರಿಗೆ ನಾನ ಎಣ್ಣಿ ಹಚ್ಚಲೇನ್ರಿ?”

ಅಮ್ಮನ ಒಂದು ಸಾಲು

ಮರುವರ್ಷ ಓದುಗರ ಸಹವಾಸ ಬೇಡವೆಂದು ನಾವೇ ಆರಿಸಿದೆವು. ಗುರುಮಠಕಲ್ ಕಡೆಯ ಹಳ್ಳಿಯ ಒಬ್ಬ ಅಮ್ಮ. ಅವರ ಊರಲ್ಲಿ ಬಸ್ ನಿಲ್ಲುತ್ತಿರಲಿಲ್ಲ. ಅಮ್ಮ ಒಂದು ದಿನ ಮಲಗುವ ಹಗ್ಗದ ಹೊರಸು ತಂದು ರಸ್ತೆಯ ನಡುವೆ ಹಾಕಿ ಕುಳಿತುಬಿಟ್ಟರು. ಅಂದಿನಿಂದ ಬಸ್ ನಿಲ್ಲುತ್ತಿದೆ.

ಫೋಟೋ ತೆಗೆಯಲು ಹೋದರೆ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡರು.

“ಫೋಟೋ ಯಾಕ ಸಾಮಿ? ನಾ ಇನ್ನಾ ಜೀವಂತ ಅದೀನಿ!”

“ಜೀವಂತ ಇದ್ದೋರದ ಹಾಕತೀವಿ ಅಮ್ಮಾ,” ಎಂದರು ಸಂಪಾದಕರು.

“ನಮ್ಮೂರ ಮುದುಕ್ಯಾರ ಫೋಟೋ ಪೇಪರದಾಗ ಬರೋದು ಸತ್ತ ಮ್ಯಾಲೇ. ನನ್ನ ತಂಗಿ ತೆಲಂಗಾಣದಾಗ ಅದಾಳ. ನೋಡಿದಾಕಿನ ಜೀಪ್ ಮಾಡ್ಕೊಂಡು ಅಳಕೋಂತ ಬರತಾಳ.”

“ಮ್ಯಾಲ ‘ವರ್ಷದ ವ್ಯಕ್ತಿ’ ಅಂತ ಬರದಿರತೀವಲ್ಲ?”

“ಅದನ್ನ ಯಾರು ಓದತಾರ? ಫೋಟೋ ನೋಡೋದು, ಅಳಾಕ ಸುರು ಮಾಡೋದು. ಕೆಳಗ ದಪ್ಪ ಅಕ್ಷರದಾಗ ಬರೀ, ನಾ ಆರಾಮ ಅದೀನಿ ಅಂತ.”

ಅಮ್ಮ ಪಟ್ಟು ಬಿಡಲಿಲ್ಲ. ನನಗೂ ಹಿರಿಯ ಜೀವದ ಮನಸ್ಸು ನೋಯಿಸಬಾರದು ಎನ್ನಿಸಿತು. ಫೋಟೋದ ಕೆಳಗೆ ದಪ್ಪಗೆ ಹಾಕಿಸಿದೆವು: ‘ಇವರು ಆರೋಗ್ಯವಾಗಿದ್ದಾರೆ.’

ಆದರೂ ತಂಗಿಯ ಮನೆಯವರು ಜೀಪ್ ಮಾಡಿಕೊಂಡು ಬಂದೇ ಬಂದರು. ಅಳುತ್ತ ಅಲ್ಲ, ಜಗಳಕ್ಕೆ: “ಈಗ ಆರೋಗ್ಯವಾಗ್ಯಾರ ಅಂದ್ರ ಮೊದಲ ಏನಾಗಿತ್ತು? ನಮಗ ಯಾಕ ತಿಳಿಸಲಿಲ್ಲ?”

ಬೀಗರ ಮುನಿಸು

ಈ ಎರಡೂ ಸಂಚಿಕೆಗಳನ್ನು ಮನಸ್ಸಿಗೆ ಹಚ್ಚಿಕೊಂಡವರು ಒಬ್ಬರಿದ್ದರು: ನಮ್ಮ ಸಂಪಾದಕರ ಬೀಗರು. ಶಹಾಪುರದಲ್ಲಿ ದೊಡ್ಡ ಕಿರಾಣಿ ಅಂಗಡಿ. ಸಂಪಾದಕರ ಒಬ್ಬಳೇ ಮಗಳು ಅವರ ಮನೆಯ ಸೊಸೆ. ಹೋದ ವರ್ಷ ಅವಳಿಗೆ ಏಳನೇ ತಿಂಗಳು. ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಬಾಣಂತನಕ್ಕೆ ತವರಿಗೆ ಕರೆತರಬೇಕು. ಸಂಪಾದಕರ ಮನೆಯವರು ಆಗಲೇ ಹಿತ್ತಲ ಕಡೆಯ ಕೋಣೆಗೆ ಸುಣ್ಣ ಹೊಡೆಸಿ ಕಾಯುತ್ತಿದ್ದರು.

ಬೀಗರು ಒಂದು ಮಧ್ಯಾಹ್ನ ಕಚೇರಿಗೇ ಬಂದರು.

“ಭಜಿ ಕರಿಯವ ಆದ. ಹೊರಸಿನ ಮ್ಯಾಲ ಕುಂತಾಕಿ ಆದಳು. ನಾ ಏನು ಕಮ್ಮಿ ಅದೀನ್ರಿ ಬೀಗರ?”

“ಹಂಗಲ್ರಿ, ಏನರ ಸುದ್ದಿ ಆಗಿರಬೇಕಲ್ರಿ...”

“ಶಹಾಪುರದಾಗ ನಾ ಇಲ್ಲದ ಉದ್ಘಾಟನಿ ತೋರಸ್ರಿ! ರಿಬ್ಬನ್ ಕತ್ತರಸೋ ಕತ್ರಿ ಸುದ್ದಾ ನಮ್ಮ ಅಂಗಡೀದ!”

ಸಂಪಾದಕರು ಮಾತು ತಿರುಗಿಸಿ ಕುಬಸಕ್ಕೆ ಯಾವ ದಿನ ಬರಲಿ ಎಂದು ಕೇಳಿದರು. ಬೀಗರು ಹೆಗಲ ಮೇಲಿನ ಟಾವೆಲ್ ಸರಿಮಾಡಿಕೊಂಡು ಎದ್ದರು.

“ಮುಖಪುಟ ನೋಡಿ ಹೇಳತೀನ್ರಿ.”

ಪೇಚಾಟ ಅಲ್ಲಿಗೆ ಶುರುವಾಯಿತು. ಯಾಕೆಂದರೆ ಆ ವರ್ಷದ ವ್ಯಕ್ತಿ ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಹತ್ತಿಕುಣಿ ಕೆರೆಯಲ್ಲಿ ಮೀನು ಹಿಡಿಯುವ ಒಬ್ಬಾತ. ಮಳೆಗಾಲದಲ್ಲಿ ಹಳ್ಳದ ಸೇತುವೆ ಮುಳುಗಿದಾಗ, ನೀರು ಇಳಿಯುವ ತನಕ ದಿನಾಲೂ ಶಾಲೆಯ ಮಕ್ಕಳನ್ನು ತನ್ನ ಹರಗೋಲಿನಲ್ಲಿ ದಾಟಿಸಿದ್ದ. ಸಂಪಾದಕರು ಮನೆಗೆ ಹೋಗಿ ಹಾಗೆಂದರೆ, ಅವರ ಮನೆಯವರು ಊಟದ ತಾಟು ಕುಕ್ಕಿ ಇಟ್ಟರಂತೆ: “ಹರಗೋಲಿನವಂದ ಹಾಕ್ರಿ. ಬಾಣಂತನಾನೂ ಅವನ ಮನ್ಯಾಗ ಮಾಡ್ರಿ!”

ಹನುಮಪ್ಪನ ಪ್ರಸಾದ

ಮನುಷ್ಯರಿಗೆ ಬಗೆಹರಿಯದ್ದನ್ನು ದೇವರಿಗೆ ಬಿಡಬೇಕು ಎಂದು ನಂಬಿದವನು ನಾನು. ಹನುಮಪ್ಪನಲ್ಲಿ ಪ್ರಸಾದ ಕೇಳೋಣ ಎಂದೆ. ಮೂರ್ತಿಯ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಕೈಮುಗಿದು ಕೂರುವುದು. ಬಲಗಡೆಯದು ಬಿದ್ದರೆ ಬೀಗರು, ಎಡಗಡೆಯದು ಬಿದ್ದರೆ ಹರಗೋಲಿನವ. ಸಂಪಾದಕರು ಒಪ್ಪಿದರು. ಬೀಗರು ಶಹಾಪುರದಿಂದ ಹೊಸ ಧೋತರ ಉಟ್ಟುಕೊಂಡು ಬಂದರು. ಹರಗೋಲಿನವನಿಗೂ ಹೇಳಿ ಕಳಿಸಿದ್ದೆವು; ಆತ ಬಂದು ಹೊಸ್ತಿಲ ಹತ್ತಿರ ಕುಳಿತ.

ಎಷ್ಟು ಹೊತ್ತಾದರೂ ಹೂವು ಅಲುಗಲಿಲ್ಲ. ಪೂಜಾರಿ ಲೋಬಾನದ ಹೊಗೆ ಹೆಚ್ಚು ಮಾಡಿದ. ಬೀಗರು ಮೂರ್ತಿಯ ಕಡೆಗೆ ಜರುಗಿ ಜರುಗಿ ಗರ್ಭಗುಡಿಯ ಬಾಗಿಲಿಗೇ ಬಂದಿದ್ದರು. ಹೊಗೆ ಮೂಗಿಗೆ ಹೋಯಿತು. ಗುಡಿ ನಡುಗುವ ಹಾಗೆ ಒಂದು ಸೀನು ಸೀನಿದರು. ಎರಡೂ ಹೂವು ಒಟ್ಟಿಗೆ ಉದುರಿದವು.

ಎಲ್ಲರೂ ಪೂಜಾರಿಯ ಕಡೆ ತಿರುಗಿದರು. ಪೂಜಾರಿ ಕಣ್ಣುಮುಚ್ಚಿ ಯೋಚಿಸಿ ಹೇಳಿದ: “ದೇವರಿಗೆ ಇಬ್ಬರೂ ಬೇಕಂತರಿ.”

ನನಗಂತೂ ಕಣ್ಣು ತುಂಬಿ ಬಂತು. ಎಂಥ ನ್ಯಾಯ ನನ್ನ ತಂದೆ ಹನುಮಪ್ಪನದು! ಕೆನ್ನೆ ಬಡಿದುಕೊಂಡು ಏಳುವಷ್ಟರಲ್ಲಿ ಬೀಗರ ದನಿ ಕೇಳಿಸಿತು: “ಇಬ್ಬರೂ ಅಂದ್ರ ಇಬ್ಬರೂ. ಆದ್ರ ನನ್ನ ಫೋಟೋ ದೊಡ್ಡದಿರಲಿ.”

ನಡುನೀರಿನಲ್ಲಿ

ಒಂದು ದೊಡ್ಡದು ಒಂದು ಸಣ್ಣದು ಬೇಡ, ಇಬ್ಬರನ್ನೂ ಹರಗೋಲಿನಲ್ಲಿ ಕೂರಿಸಿ ಒಂದೇ ಫೋಟೋ ತೆಗೆಯೋಣ ಎಂದು ಸಂಪಾದಕರು ಯುಕ್ತಿ ಮಾಡಿದರು. ಮರುದಿನ ಬೆಳಿಗ್ಗೆ ಎಲ್ಲರೂ ಹತ್ತಿಕುಣಿ ಕೆರೆಯ ದಂಡೆಯಲ್ಲಿ ಸೇರಿದೆವು. ಬೀಗರು ತಲೆಗೆ ಪಟಕಾ ಸುತ್ತಿಕೊಂಡು, ಮೀಸೆ ತಿರುವಿ, ಹರಗೋಲು ಹತ್ತಿದರು. ಹರಗೋಲಿನವ ಹುಟ್ಟು ಹಾಕಿದ.

ದಂಡೆಯಿಂದ ಫೋಟೋದವ ಕೂಗಿದ: “ಸ್ವಲ್ಪ ಈ ಕಡಿ ತಿರುಗ್ರಿ!”

ಹರಗೋಲು ಬುಟ್ಟಿಯ ಹಾಗೆ ದುಂಡಗಿರುತ್ತದೆ. ತಿರುಗು ಎಂದರೆ ಅದಕ್ಕೆ ಸಾಕು ಎನ್ನುವುದು ಗೊತ್ತಿಲ್ಲ. ಒಂದು ಸುತ್ತು ಹೊಡೆಯಿತು. ಎರಡನೆಯದಕ್ಕೆ ಬೀಗರ ಪಟಕಾ ಬಿಚ್ಚಿತು. ಮೂರನೆಯದಕ್ಕೆ ಬೀಗರು ಹರಗೋಲಿನವನ ಕೊರಳಿಗೆ ಜೋತುಬಿದ್ದರು.

“ಸತ್ತೆನ್ರೋ! ದಂಡಿಗೆ ಮುಟ್ಟಸೋ ನಮ್ಮಪ್ಪಾ! ವರ್ಷದ ವ್ಯಕ್ತಿ ನೀನ, ನಾ ಅಲ್ಲ! ಮುಂದಿನ ವರ್ಷನೂ ನೀನ!”

ದಂಡೆಯಲ್ಲಿದ್ದ ಸಂಪಾದಕರು ಸಮಯ ನೋಡಿ ಬಾಯಿಗೆ ಕೈ ಹಿಡಿದು ಕೂಗಿದರು: “ಬೀಗರ, ಕುಬಸದ ಮಾತು ಏನಾತ್ರಿ?”

“ಐತವಾರ ಬರ್ರಿ! ಮಗಳನ್ನ ಕರಕೊಂಡು ಹೋಗ್ರಿ! ಮೊದಲ ಇವನಿಗೆ ತಿರಗಸಬ್ಯಾಡ ಅನ್ರಿ!”

ಹರಗೋಲಿನವ ಹುಟ್ಟು ಬದಿಗಿಟ್ಟು ಸಮಾಧಾನವಾಗಿ ಹೇಳಿದ: “ಅಂಜಬ್ಯಾಡ್ರಿ ಸಾಹುಕಾರ್ರ. ಬೇಕಾದ್ರ ಇಳದು ನಡಕೋಂತ ಹೋಗ್ರಿ. ಇಲ್ಲಿ ನೀರು ಮೊಣಕಾಲಮಟ ಅದ.”

ಬೀಗರು ಇಳಿದರು. ಧೋತರ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ, ನಡೆದುಕೊಂಡೇ ದಂಡೆಗೆ ಬಂದರು. ಆದರೆ ದೊಡ್ಡ ಮನುಷ್ಯರು; ಕೊಟ್ಟ ಮಾತಿಗೆ ತಪ್ಪಲಿಲ್ಲ. ಐತವಾರ ಕುಬಸ ಆಯಿತು. ಮಗಳು ಕೈತುಂಬ ಹಸಿರು ಬಳೆ ತೊಟ್ಟು, ಸುಣ್ಣ ಹೊಡೆಸಿದ ಕೋಣೆಗೆ ಬಂದಳು. ನಾನು ಹನುಮಪ್ಪನಿಗೆ ಕಾಯಿ ಒಡೆಸಿದೆ.

ಉಳಿದದ್ದು ಮುಖಪುಟ. ಫೋಟೋದವ ತೆಗೆದದ್ದರಲ್ಲಿ ಇಬ್ಬರ ಮುಖವೂ ಕಾಣುವಂಥದ್ದು ಒಂದೇ ಇತ್ತು: ಹರಗೋಲಿನವ ನಗುತ್ತಿದ್ದಾನೆ, ಬೀಗರು ಕಣ್ಣುಮುಚ್ಚಿ, ಬಾಯಿ ತೆರೆದು, ಅವನ ಕೊರಳು ಅಪ್ಪಿಕೊಂಡಿದ್ದಾರೆ. ಸಂಪಾದಕರು ಅಂಜುತ್ತಲೇ ಅದನ್ನು ಬೀಗರ ಮೊಬೈಲಿಗೆ ಕಳಿಸಿ, ಫೋನ್ ಹಚ್ಚಿ ನನಗೂ ಕೇಳುವ ಹಾಗೆ ಇಟ್ಟರು.

ಬೀಗರು ಫೋಟೋ ನೋಡಿ ಹೇಳಿದರು: “ಹಾಕ್ರಿ. ಮುಖಪುಟ ಅಂದ್ರ ಮುಖಪುಟ. ಆದ್ರ ಆ ಹೊರಸಿನ ಮುದುಕಿ ಫೋಟೋಕ್ಕ ಹಾಕಿದ್ರಲ್ಲ, ಆ ಸಾಲು ಇದರ ಕೆಳಗೂ ಹಾಕ್ರಿ. ಇಲ್ಲಾಂದ್ರ ನಾ ಸತ್ತೆ ಅಂತ ನಮ್ಮ ಮಂದಿ ಮಣ್ಣಿಗೆ ಬಂದ ಬಿಡತಾರ.”

ಸಂಕ್ರಾಂತಿ ಸಂಚಿಕೆ ಹಾಗೆಯೇ ಹೊರಬಂತು. ಮೇಲೆ ‘ವರ್ಷದ ವ್ಯಕ್ತಿ’, ನಡುವೆ ಆ ಫೋಟೋ, ಕೆಳಗೆ ದಪ್ಪ ಅಕ್ಷರದಲ್ಲಿ, ನಾನೇ ಕರಡು ತಿದ್ದಿದ ಸಾಲು: ‘ಇಬ್ಬರೂ ಆರೋಗ್ಯವಾಗಿದ್ದಾರೆ.’